ಪಟ್ಟಿಯಲ್ಲಿ ಹೆಸರು ತಪ್ಪಿದರೆ ಪುಸ್ತಕವೇ ಕಾಣೆ: ಅಂತರ್ಜಾಲದ ಪುಸ್ತಕ ಮಾಹಿತಿ ತಿದ್ದುವುದು ಹೇಗೆ?

ಸೆಟ್ಟೂರು: ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕಡೆಯ ಕಾಲೇಜು ಹುಡುಗನೊಬ್ಬ ಒಂದು ಪ್ರಬಂಧ ಬರೆದು, ತಪ್ಪಿದ್ದರೆ ತಿದ್ದಿಕೊಡಿ ಎಂದು ತಂದುಕೊಟ್ಟ. ವಿಷಯ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು. ನಮ್ಮ ಅನಂತಪುರ ಜಿಲ್ಲೆಯ ರಾಳ್ಲಪಲ್ಲಿಯವರಾದ ಶರ್ಮರು (1893-1979) ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದವರು. ಆಮೇಲೆ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ದುಡಿದವರು. ಹುಡುಗ ಚೆನ್ನಾಗಿಯೇ ಬರೆದಿದ್ದ. ಆದರೆ ಕೊನೆಯಲ್ಲಿ "ಇವರ ಕೃತಿಗಳೆಲ್ಲ ತೆಲುಗಿನಲ್ಲೇ ಇವೆ" ಎಂದು ಒಂದು ಸಾಲು ಹಾಕಿದ್ದ.

"ಹಾಗಾದರೆ 'ಗಾನಕಲೆ' ಯಾರದಪ್ಪಾ? 'ಸಾಹಿತ್ಯ ಮತ್ತು ಜೀವನಕಲೆ' ಯಾರದು? ಎರಡೂ ಕನ್ನಡ ಪುಸ್ತಕಗಳಲ್ಲವೇ?" ಎಂದು ಕೇಳಿದೆ.

"ನೆಟ್‌ನಲ್ಲಿ ಹುಡುಕಿದೆ ಸಾರ್. ಅವರ ಹೆಸರಿನಲ್ಲಿ ಕನ್ನಡ ಪುಸ್ತಕ ಒಂದೂ ಬರಲಿಲ್ಲ" ಎಂದ.

ಇಬ್ಬರೂ ಕೂತು ಮತ್ತೆ ಹುಡುಕಿದೆವು. ಅವನು ನೋಡಿದ್ದ ಪಟ್ಟಿಯಲ್ಲೇ ಕನ್ನಡ ಪುಸ್ತಕ ಇತ್ತು. ಆದರೆ ಅದು ಇದ್ದದ್ದು "ಅನಂತಕೃಷ್ಣ ಶರ್ಮ, ಆರ್." ಎಂಬ ಇನ್ನೊಬ್ಬ ಲೇಖಕರ ಹೆಸರಿನಲ್ಲಿ. "ಆರ್." ಎಂದರೆ ರಾಳ್ಲಪಲ್ಲಿ ಎಂಬುದು ಪಟ್ಟಿ ಮಾಡಿದವರಿಗೆ ಗೊತ್ತಿರಲಿಲ್ಲ. ಒಬ್ಬ ಮನುಷ್ಯ ಪಟ್ಟಿಯಲ್ಲಿ ಇಬ್ಬರಾಗಿದ್ದರು, ತೆಲುಗಿನವರು ಒಬ್ಬರು, ಕನ್ನಡದವರು ಇನ್ನೊಬ್ಬರು. ತಪ್ಪು ಹುಡುಗನದಲ್ಲ, ಪಟ್ಟಿಯದು.

ಇಂಥ ತಪ್ಪುಗಳನ್ನು ಯಾರು ತಿದ್ದಬೇಕು? ಸರ್ಕಾರವೇ, ವಿಶ್ವವಿದ್ಯಾಲಯವೇ? ಇಂದು ಓದುಗರೇ ತಿದ್ದಬಹುದಾದ ವ್ಯವಸ್ಥೆಗಳಿವೆ. ಎರಡು ಲಿಪಿ ಬಲ್ಲ ಗಡಿ ಹಳ್ಳಿಗಳ ಜನರು ಈ ಕೆಲಸಕ್ಕೆ ಬೇರೆಯವರಿಗಿಂತ ಹೆಚ್ಚು ಅರ್ಹರು. ಅದರ ವಿವರ ಇಲ್ಲಿದೆ.

ಪುಸ್ತಕ ಪಟ್ಟಿ ಎಂದರೇನು?

ಹಿಂದೆ ಗ್ರಂಥಾಲಯಗಳಲ್ಲಿ ಮರದ ಡ್ರಾಯರ್‌ಗಳ ತುಂಬ ಕಾರ್ಡುಗಳಿರುತ್ತಿದ್ದವು. ಒಂದು ಪುಸ್ತಕಕ್ಕೆ ಒಂದು ಕಾರ್ಡು. ಅದರಲ್ಲಿ ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ಊರು, ವರ್ಷ, ಪುಟ ಇಷ್ಟು ಇರುತ್ತಿತ್ತು. ಇದೇ ವಿವರ ಈಗ ಕಂಪ್ಯೂಟರಿನಲ್ಲಿದೆ. ಒಂದು ಕಾರ್ಡಿನ ಬದಲು ಒಂದು ದಾಖಲೆ, ಅಷ್ಟೇ ವ್ಯತ್ಯಾಸ.

ಗ್ರಂಥಾಲಯದಲ್ಲಿ ಕಾರ್ಡು ತಪ್ಪಿದ್ದರೂ ಬೀರು ಮುಂದೆ ನಿಂತು ಕಣ್ಣಾಡಿಸಿದರೆ ಪುಸ್ತಕ ಸಿಕ್ಕೀತು. ಅಂತರ್ಜಾಲದಲ್ಲಿ ಬೀರು ಇಲ್ಲ. ನೀವು ಟೈಪ್ ಮಾಡಿದ ಅಕ್ಷರಕ್ಕೂ ದಾಖಲೆಯ ಅಕ್ಷರಕ್ಕೂ ತಾಳೆಯಾದರೆ ಮಾತ್ರ ಪುಸ್ತಕ ಕಾಣುತ್ತದೆ. ತಾಳೆಯಾಗದಿದ್ದರೆ ಪುಸ್ತಕ ಇದ್ದೂ ಇಲ್ಲದಂತೆ.

ತಪ್ಪು ಹುಟ್ಟಿದ್ದು ಎಲ್ಲಿ?

2000ದ ದಶಕದಲ್ಲಿ ನಮ್ಮ ದೇಶದಲ್ಲಿ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಎಂಬ ದೊಡ್ಡ ಯೋಜನೆ ನಡೆಯಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹತ್ತು ಲಕ್ಷ ಪುಸ್ತಕಗಳ ಯೋಜನೆಗೆ ಇದು ಜೊತೆಯಾಗಿತ್ತು. ಆ ಯೋಜನೆಯ ಹಿಂದಿದ್ದ ಕಂಪ್ಯೂಟರ್ ವಿಜ್ಞಾನಿ ರಾಜ್ ರೆಡ್ಡಿಯವರು ಚಿತ್ತೂರು ಜಿಲ್ಲೆಯಲ್ಲಿ ಹುಟ್ಟಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇಲ್ಲಿನ ಮುಖ್ಯ ಕೇಂದ್ರವಾಗಿತ್ತು. ಹಲವು ಗ್ರಂಥಾಲಯಗಳ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಲಾಯಿತು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹದಲ್ಲೂ ಸಾಕಷ್ಟು ಕನ್ನಡ ಪುಸ್ತಕಗಳಿದ್ದವು.

ಪುಟಗಳ ಚಿತ್ರವೇನೋ ಬಂತು. ಆದರೆ ಪುಸ್ತಕದ ಹೆಸರು, ಲೇಖಕರ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಲಾಗಿತ್ತು. ತೊಂದರೆ ಶುರುವಾದದ್ದು ಇಲ್ಲಿ.

ಒಂದು ಉದಾಹರಣೆ ನೋಡಿ. ಬಲೆ, ಬಳೆ, ಬಾಲೆ, ಬಾಳೆ - ಮೀನು ಹಿಡಿಯುವುದು, ಕೈಗೆ ತೊಡುವುದು, ಹುಡುಗಿ, ಹಣ್ಣಿನ ಗಿಡ. ಕನ್ನಡದಲ್ಲಿ ನಾಲ್ಕು ಬೇರೆ ಬೇರೆ ಪದಗಳು. ದೀರ್ಘಕ್ಕೆ ಗೆರೆ, ಳಕಾರಕ್ಕೆ ಚುಕ್ಕಿ ಹಾಕದೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನಾಲ್ಕೂ ಒಂದೇ! ಕಲ, ಕಾಲ, ಕಳ, ಕಾಳ ಎಂಬವೂ ಹೀಗೆಯೇ. ಇದರ ಮೇಲೆ ಅಕ್ಷರ ಬಿಟ್ಟುಹೋಗುವುದು, ಹೆಸರು ಅರ್ಧಕ್ಕೇ ನಿಲ್ಲುವುದು, ಲೇಖಕರ ಜಾಗದಲ್ಲಿ ಪ್ರಕಾಶಕರು ಬರುವುದು ಬೇರೆ.

2017ರಲ್ಲಿ ಈ ಸಂಗ್ರಹದ ಲಕ್ಷಾಂತರ ಪುಸ್ತಕಗಳ ಪ್ರತಿ ಅಮೆರಿಕದ 'ಇಂಟರ್ನೆಟ್ ಆರ್ಕೈವ್' ಜಾಲತಾಣಕ್ಕೆ ಸೇರಿತು. ಪುಸ್ತಕಗಳ ಜೊತೆಗೆ ಹಳೆಯ ತಪ್ಪುಗಳೂ ಅಲ್ಲಿಗೆ ಹೋದವು. ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿ ನಕಲಾಗುತ್ತ ಹೋದಂತೆ, ಒಬ್ಬರು ಒಮ್ಮೆ ಮಾಡಿದ ತಪ್ಪು ಹತ್ತು ಕಡೆ ಬೇರೂರುತ್ತದೆ.

ಕನ್ನಡಿಗರು ತಿದ್ದಿದ ಬಗೆ: ಸಮೂಹ ಸಂಚಯ

ಇದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ಉತ್ತರ ಸಿಕ್ಕಿತು. ಬೆಂಗಳೂರಿನ ಓಂಶಿವಪ್ರಕಾಶ್ ಮತ್ತು ಗೆಳೆಯರ 'ಸಂಚಯ' ತಂಡ ಮೊದಲು 'ವಚನ ಸಂಚಯ'ವನ್ನು ರೂಪಿಸಿತ್ತು. ಅದರಲ್ಲಿ ಯಾವುದೇ ಪದ ಕೊಟ್ಟರೂ ಅದು ಬರುವ ವಚನಗಳನ್ನು ಹುಡುಕಬಹುದಿತ್ತು. ಅದೇ ತಂಡ 2010ರ ದಶಕದಲ್ಲಿ 'ಪುಸ್ತಕ ಸಂಚಯ'ಕ್ಕೆ ಕೈ ಹಾಕಿತು. ಡಿಜಿಟಲ್ ಲೈಬ್ರರಿ ಮತ್ತು ಉಸ್ಮಾನಿಯಾ ಸಂಗ್ರಹಗಳಲ್ಲಿದ್ದ ಸಾವಿರಾರು ಕನ್ನಡ ಪುಸ್ತಕಗಳನ್ನು ಕನ್ನಡದಲ್ಲೇ ಹುಡುಕುವಂತೆ ಮಾಡುವುದು ಅದರ ಉದ್ದೇಶ.

ಆದರೆ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿದ್ದವಲ್ಲ! ಸಾವಿರಾರು ಹೆಸರುಗಳನ್ನು ನಾಲ್ಕಾರು ಜನ ತಿದ್ದುತ್ತ ಕೂತರೆ ವರ್ಷಗಳೇ ಬೇಕು. ಆದ್ದರಿಂದ ತಂಡ 'ಸಮೂಹ ಸಂಚಯ' ಎಂಬ ವ್ಯವಸ್ಥೆ ಮಾಡಿ ಸಾರ್ವಜನಿಕರನ್ನು ಕರೆಯಿತು. ಕೆಲಸ ಸರಳ. ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಪುಸ್ತಕದ ಹೆಸರು ಬರುತ್ತದೆ, ಓದಿದವರು ಅದನ್ನು ಸರಿಯಾದ ಕನ್ನಡದಲ್ಲಿ ಬರೆಯಬೇಕು. ಸ್ವಯಂಸೇವಕರು ಬಿಡುವಿದ್ದಾಗ ಹತ್ತು, ಇಪ್ಪತ್ತು ಎಂದು ಹೆಸರುಗಳನ್ನು ಬರೆದರು. ಸಂಬಳವಿಲ್ಲದ ಕೆಲಸ. ಆದರೂ ನಡೆಯಿತು. ಕಾರಣ, 'ಬಳೆ' ಯಾವುದು 'ಬಾಳೆ' ಯಾವುದು ಎಂದು ಹೇಳಲು ಯಂತ್ರಕ್ಕೆ ಆಗಲಿಲ್ಲ, ಪುಸ್ತಕ ಓದಿದವರಿಗೆ ಆಯಿತು.

ಊರ ಜನ ಸೇರಿ ಕೆರೆ ಹೂಳು ಎತ್ತಿದಂತೆ ಇದು. ಒಬ್ಬೊಬ್ಬರು ಒಂದೊಂದು ಬುಟ್ಟಿ ಮಣ್ಣು ಹೊತ್ತರೆ ಸಾಕು.

ಯಾರು ಬೇಕಾದರೂ ತಿದ್ದಬಹುದಾದ ಪಟ್ಟಿ: ಓಪನ್ ಲೈಬ್ರರಿ

ಇಡೀ ಜಗತ್ತಿನ ಪುಸ್ತಕಗಳಿಗೆ ಇದೇ ಬಗೆಯ ಪಟ್ಟಿ 'ಓಪನ್ ಲೈಬ್ರರಿ'. ಇದು ಇಂಟರ್ನೆಟ್ ಆರ್ಕೈವ್‌ನ ಯೋಜನೆ. 2007ರಲ್ಲಿ ಸಾರ್ವಜನಿಕರ ಮುಂದೆ ಬಂತು. ಪ್ರಕಟವಾದ ಪ್ರತಿ ಪುಸ್ತಕಕ್ಕೂ ಒಂದು ಪುಟ ಇರಬೇಕು ಎಂಬುದು ಅದರ ಗುರಿ. ಆರಂಭದಲ್ಲಿ ಇದರ ಕೆಲಸ ನಡೆಸಿದವರಲ್ಲಿ ಆರನ್ ಸ್ವಾರ್ಟ್ಜ್ ಎಂಬ ಯುವಕ ಪ್ರಮುಖರು.

ಇದರ ಕ್ರಮ ಹೀಗಿದೆ:

* ಉಚಿತ ಖಾತೆ ತೆರೆದರೆ ಯಾರು ಬೇಕಾದರೂ ಪುಸ್ತಕದ ಪುಟದಲ್ಲಿ 'ಎಡಿಟ್' ಒತ್ತಿ ತಿದ್ದಬಹುದು.

* 'ಕೃತಿ' ಬೇರೆ, 'ಮುದ್ರಣ' ಬೇರೆ. ಒಂದು ಕಾದಂಬರಿ ಹತ್ತು ಸಲ ಅಚ್ಚಾಗಿದ್ದರೆ ಕೃತಿ ಒಂದು, ಅದರ ಕೆಳಗೆ ಮುದ್ರಣಗಳು ಹತ್ತು.

* ಯಾರು, ಯಾವಾಗ, ಏನು ತಿದ್ದಿದರು ಎಂಬ ಇತಿಹಾಸ ಉಳಿಯುತ್ತದೆ. ತಿದ್ದುಪಡಿಯೇ ತಪ್ಪಾದರೆ ಹಿಂದಿನ ರೂಪಕ್ಕೆ ತರಬಹುದು.

* ಒಬ್ಬ ಲೇಖಕರು ಇಬ್ಬರಾಗಿದ್ದರೆ ಎರಡೂ ದಾಖಲೆಗಳನ್ನು ಒಂದು ಮಾಡುವ ಅಧಿಕಾರ ಅನುಭವವುಳ್ಳ ಸ್ವಯಂಸೇವಕರಿಗೆ ಇದೆ. ಅವರನ್ನು 'ಲೈಬ್ರೇರಿಯನ್' ಎನ್ನುತ್ತಾರೆ. ಉಳಿದವರು ಅವರಿಗೆ ಕೋರಿಕೆ ಕಳಿಸಬಹುದು.

ಸಾಮಾನ್ಯವಾಗಿ ಕಾಣುವ ತಪ್ಪುಗಳು

ಕಾವ್ಯನಾಮ: ಕುವೆಂಪು ಮತ್ತು ಕೆ.ವಿ. ಪುಟ್ಟಪ್ಪ ಒಬ್ಬರೇ. 'ಶ್ರೀನಿವಾಸ' ಎಂದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್. ತ್ರಿವೇಣಿ ಎಂದರೆ ಅನಸೂಯಾ ಶಂಕರ್. ಇದು ನಮಗೆ ಗೊತ್ತು, ಪಟ್ಟಿಗೆ ಯಾರಾದರೂ ಹೇಳಬೇಕು. ಬೀಚಿಯವರದಂತೂ ವಿಚಿತ್ರ. ಅವರು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲೂ ಉಳಿದದ್ದನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಬರೆಯುತ್ತಿದ್ದರು. ಹುಡುಕುವ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಒಗಟು ಬೇಕೇ? ಇಂಥ ಕಡೆ ಮುಖ್ಯ ಹೆಸರಿನ ಜೊತೆಗೆ 'ಇತರ ಹೆಸರುಗಳು' ಎಂಬ ಜಾಗದಲ್ಲಿ ಎಲ್ಲ ರೂಪಗಳನ್ನೂ ಕೊಡಬೇಕು.

ಅನುವಾದ: ಬಿ. ವೆಂಕಟಾಚಾರ್ಯರು ಬಂಗಾಳದ ಬಂಕಿಮಚಂದ್ರರ 'ದುರ್ಗೇಶನಂದಿನಿ'ಯನ್ನು ಕನ್ನಡಕ್ಕೆ ತಂದರು. ಪಟ್ಟಿಯಲ್ಲಿ ಬಂಕಿಮರು ಲೇಖಕರು, ವೆಂಕಟಾಚಾರ್ಯರು ಅನುವಾದಕರು ಎಂದಿರಬೇಕು. ಅನುವಾದಕರನ್ನು ಲೇಖಕರ ಜಾಗಕ್ಕೆ ಹಾಕುವುದು ಒಂದು ತಪ್ಪು, ಅವರ ಹೆಸರನ್ನೇ ಬಿಡುವುದು ಇನ್ನೂ ದೊಡ್ಡ ತಪ್ಪು. ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ತೆಲುಗಿಗೆ ಬಂದ ಪುಸ್ತಕಗಳಲ್ಲಿ ಇದನ್ನು ನಮ್ಮ ಕಡೆಯವರು ಸುಲಭವಾಗಿ ಗುರುತಿಸಬಲ್ಲರು.

ವರ್ಷ: ಹಳೆಯ ಕೆಲವು ಪುಸ್ತಕಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇರುತ್ತದೆ. ಪ್ರಭವ ಸಂವತ್ಸರ ಎಂದಿದ್ದರೆ ಅದು 1927-28 ಇರಬಹುದು, 60 ವರ್ಷ ಬಿಟ್ಟು 1987-88 ಕೂಡ ಇರಬಹುದು. ಕಾಗದ, ಅಚ್ಚು, ಬೆಲೆ ನೋಡಿ ತೀರ್ಮಾನಿಸಬೇಕು. ಬೆಲೆ ಆಣೆಯಲ್ಲಿದ್ದರೆ ಅದು 1987ರ ಪುಸ್ತಕವಲ್ಲ. ಕೆಲವು ದಾಖಲೆಗಳಲ್ಲಿ ಮರುಮುದ್ರಣದ ವರ್ಷವನ್ನೇ ಮೊದಲ ಮುದ್ರಣ ಎಂದು ಕೊಟ್ಟಿರುವುದೂ ಉಂಟು.

ಊರು: ಗಡಿ ಭಾಗದಲ್ಲಿ ಇದೇ ಕಷ್ಟ. ಹಳೆಯ ಪುಸ್ತಕದಲ್ಲಿ "ರಾಯದುರ್ಗ, ಬಳ್ಳಾರಿ ಜಿಲ್ಲೆ" ಎಂದಿದ್ದರೆ ಅದು ತಪ್ಪಲ್ಲ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅಂದು ಆಂಧ್ರ ರಾಜ್ಯ ಹುಟ್ಟಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು. ಅನಂತಪುರ ಜಿಲ್ಲೆಯೇ 1882ರಲ್ಲಿ ಬಳ್ಳಾರಿಯಿಂದ ಬೇರೆಯಾದದ್ದು. ಹಾಗೆಯೇ ಹಿಂದೂಪುರ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಹಳೆಯ ಪುಸ್ತಕದಲ್ಲಿ "ಹಿಂದೂಪುರ, ಅನಂತಪುರ ಜಿಲ್ಲೆ" ಎಂದಿದ್ದರೆ ಅದನ್ನು ಹಾಗೆಯೇ ಬಿಡಬೇಕು.

ಲಿಪಿ: ಗ, ರ, ಲ ಮುಂತಾದ ಅಕ್ಷರಗಳು ಕನ್ನಡದಲ್ಲೂ ತೆಲುಗಿನಲ್ಲೂ ನೋಡಲು ಹೆಚ್ಚು ಕಡಿಮೆ ಒಂದೇ. ಆದರೆ ಕಂಪ್ಯೂಟರಿನ ಯೂನಿಕೋಡ್ ವ್ಯವಸ್ಥೆಯಲ್ಲಿ ಎರಡಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ. ಫೋನಿನಲ್ಲಿ ತೆಲುಗು ಕೀಲಿಮಣೆ ಇಟ್ಟುಕೊಂಡು ಕನ್ನಡ ಹೆಸರು ಬರೆದರೆ ಕಣ್ಣಿಗೆ ಸರಿ ಎನಿಸಬಹುದು, ಹುಡುಕಿದಾಗ ಸಿಗುವುದಿಲ್ಲ. ಎರಡೂ ಕೀಲಿಮಣೆ ಬಳಸುವ ನಮ್ಮಲ್ಲಿ ಈ ತಪ್ಪು ಸಹಜ. ಬರೆಯುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಭಾಷೆ: 'ವೇಮನ' ಎಂಬ ಹೆಸರಿನ ಪುಸ್ತಕ ತೆಲುಗಿನದೋ ಕನ್ನಡದ್ದೋ ಹೆಸರಿನಿಂದಲೇ ತಿಳಿಯದು. ಶರ್ಮರ 'ವೇಮನ' ತೆಲುಗಿನದು. ಎರಡೂ ಲಿಪಿ ಬಾರದವರು ಮುಖಪುಟ ನೋಡಿ ಒಂದನ್ನು ಇನ್ನೊಂದು ಎಂದು ತಿಳಿದರೆ ಆಶ್ಚರ್ಯವಿಲ್ಲ.

ಐಎಸ್‌ಬಿಎನ್: ಪುಸ್ತಕದ ಹಿಂದೆ ಗೆರೆಗೆರೆ ಚಿತ್ರದ ಜೊತೆ ಇರುವ ಸಂಖ್ಯೆ ಇದು. 2007ರ ಜನವರಿ 1ರಿಂದ ಇದಕ್ಕೆ 13 ಅಂಕಿ, ಅದಕ್ಕೆ ಮುಂಚೆ 10. ನಮ್ಮ ದೇಶದ ಪುಸ್ತಕಗಳಲ್ಲಿ 978ರ ನಂತರ 81 ಅಥವಾ 93 ಬರುತ್ತದೆ. ಕೊನೆಯದು ತಾಳೆ ನೋಡುವ ಅಂಕಿ. 13 ಅಂಕಿಗಳನ್ನು ಎಡದಿಂದ ಒಂದು ಬಿಟ್ಟು ಒಂದರಂತೆ 1 ಮತ್ತು 3ರಿಂದ ಗುಣಿಸಿ ಕೂಡಿದರೆ ಮೊತ್ತ 10ರಿಂದ ಭಾಗವಾಗಬೇಕು. ಆಗದಿದ್ದರೆ ಎಲ್ಲೋ ಅಂಕಿ ತಪ್ಪಿದೆ ಎಂದರ್ಥ. ಹಳೆಯ ಪುಸ್ತಕಗಳಿಗೆ ಈ ಸಂಖ್ಯೆ ಇರುವುದಿಲ್ಲ. ಇಲ್ಲದ್ದನ್ನು ಎಲ್ಲಿಂದಲೋ ತಂದು ಹಾಕಬಾರದು.

ತಿದ್ದುವ ಮುನ್ನ ಗಮನಿಸಿ

ಎಲ್ಲರೂ ತಿದ್ದಬಹುದು ಎಂದ ಮೇಲೆ ಎಲ್ಲರೂ ಕೆಡಿಸಲೂಬಹುದು. ಅಭಿಮಾನದಿಂದ ತಮ್ಮ ಊರಿನವರ ಹೆಸರು ಸೇರಿಸುವುದು, ಜಾತಿ ಬಿರುದುಗಳನ್ನು ಸೇರಿಸುವುದು, "ಇವರು ನಮ್ಮ ಭಾಷೆಯವರು" ಎಂದು ಎಳೆದಾಡುವುದು - ಇವೆಲ್ಲ ತಿದ್ದುಪಡಿ ಅಲ್ಲ. ಎರಡು ಭಾಷೆಗಳಲ್ಲಿ ಬರೆದವರ ವಿಷಯದಲ್ಲಿ ಈ ಎಳೆದಾಟ ಬೇಗ ಶುರುವಾಗುತ್ತದೆ. ಅದನ್ನು ತಪ್ಪಿಸಲು ಕೆಲವು ಸರಳ ನಿಯಮಗಳು:

1. ಪುಸ್ತಕ ಕೈಯಲ್ಲಿರಲಿ, ಇಲ್ಲವೇ ಅದರ ಸ್ಕ್ಯಾನ್ ಪ್ರತಿ ಕಣ್ಣ ಮುಂದಿರಲಿ. ನೆನಪಿನಿಂದ ತಿದ್ದಬೇಡಿ.

2. ಹೊರ ರಟ್ಟನ್ನಲ್ಲ, ಒಳಗಿನ ಶೀರ್ಷಿಕೆ ಪುಟವನ್ನು ನಂಬಿ. ಅದರ ಬೆನ್ನ ಪುಟದಲ್ಲಿ ಮುದ್ರಣದ ವರ್ಷ ಇರುತ್ತದೆ.

3. ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಬರೆಯಿರಿ. ಹಳೆಯ ಕಾಗುಣಿತವನ್ನು ಇಂದಿನದಕ್ಕೆ ಬದಲಿಸಬೇಡಿ. ಬೇಕಿದ್ದರೆ ಇಂದಿನ ರೂಪವನ್ನು 'ಇತರ ಹೆಸರು' ಎಂದು ಸೇರಿಸಿ.

4. ಒಂದೇ ಹೆಸರಿನ ಇಬ್ಬರು ಇರಬಹುದು. ಹುಟ್ಟಿದ ವರ್ಷ, ಊರು, ಇತರ ಕೃತಿಗಳು ತಾಳೆಯಾದರೆ ಮಾತ್ರ ಒಂದು ಮಾಡಲು ಕೋರಿ. ಬೇರೆ ಬೇರೆಯಾದ ಇಬ್ಬರನ್ನು ಒಬ್ಬರಾಗಿಸುವುದು ಒಬ್ಬರನ್ನು ಇಬ್ಬರಾಗಿಸುವುದಕ್ಕಿಂತ ಕೆಟ್ಟದ್ದು. ಬಿಡಿಸುವುದು ಬಲು ಕಷ್ಟ.

5. ಏಕೆ ತಿದ್ದಿದಿರಿ ಎಂದು ಒಂದು ಸಾಲು ಟಿಪ್ಪಣಿ ಬರೆಯಿರಿ. "ಶೀರ್ಷಿಕೆ ಪುಟ ನೋಡಿ ತಿದ್ದಿದೆ" ಎಂದರೂ ಸಾಕು.

6. ಮಾಹಿತಿ ತಿದ್ದುವುದು ಬೇರೆ, ಪುಸ್ತಕವನ್ನೇ ನೆಟ್‌ಗೆ ಹಾಕುವುದು ಬೇರೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1979ರಲ್ಲಿ ತೀರಿಕೊಂಡ ಶರ್ಮರ ಕೃತಿಗಳಿಗೆ ಇದು 2039ರ ಕೊನೆಯವರೆಗೆ ನಡೆಯುತ್ತದೆ. ಹೆಸರು, ವರ್ಷ, ಪುಟ ಬರೆಯಲು ಯಾರ ಅಪ್ಪಣೆಯೂ ಬೇಡ. ಪುಟಗಳ ಫೋಟೋ ಹಾಕಲು ಹಕ್ಕುದಾರರ ಒಪ್ಪಿಗೆ ಬೇಕು.

ಇದು ನಮ್ಮ ಕೆಲಸ ಏಕೆ?

ಸೆಟ್ಟೂರು, ಕಂಬದೂರು, ಕಲ್ಯಾಣದುರ್ಗ, ರಾಯದುರ್ಗ, ಮಡಕಶಿರಾ, ಹಿಂದೂಪುರ - ಈ ಕಡೆ ಮನೆಯಲ್ಲಿ ಒಂದು ಮಾತು, ಸಂತೆಯಲ್ಲಿ ಒಂದು ಮಾತು ಎನ್ನುವವರು ಬಹಳ. ಎರಡೂ ಲಿಪಿ ಓದುವವರೂ ಕಡಿಮೆ ಇಲ್ಲ. ಇದನ್ನು ನಾವು ಒಂದು ವಿದ್ಯೆ ಎಂದುಕೊಂಡಿಲ್ಲ. ಬಸ್ಸಿನ ಬೋರ್ಡು ಓದುವುದಕ್ಕೆ, ಮದುವೆ ಪತ್ರಿಕೆ ಓದುವುದಕ್ಕೆ ಸಾಕಾದ ಸಂಗತಿ ಎಂದುಕೊಂಡಿದ್ದೇವೆ.

ಆದರೆ ರಾಳ್ಲಪಲ್ಲಿಯವರ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು "ಇವರಿಬ್ಬರೂ ಒಬ್ಬರೇ" ಎನ್ನಲು ಬೇಕಾದದ್ದು ಇದೇ ವಿದ್ಯೆ. ತೆಲುಗು ಮಾತ್ರ ಬಲ್ಲವರಿಗೆ 'ಗಾನಕಲೆ' ಕಾಣುವುದಿಲ್ಲ, ಕನ್ನಡ ಮಾತ್ರ ಬಲ್ಲವರಿಗೆ ಅವರ 'ವೇಮನ' ಕಾಣುವುದಿಲ್ಲ. ಅವರ ಊರಿನ ಹೆಸರನ್ನೇ ರಾಳ್ಲಪಲ್ಲಿ, ರಾಳ್ಳಪಲ್ಲಿ, ರಾಲ್ಲಪಲ್ಲಿ ಎಂದು ಮೂರು ಬಗೆಯಲ್ಲಿ ಬರೆಯುವುದುಂಟು. ಮೂರೂ ಒಂದೇ ಊರು ಎಂಬುದು ನಮಗೆ ಗೊತ್ತು.

ನಮ್ಮ ಭಾಗದ ಹಳೆಯ ಮನೆಗಳ ಅಟ್ಟದಲ್ಲಿ, ಶಾಲೆಯ ಬೀರುಗಳಲ್ಲಿ, ಭಜನೆ ಮಂದಿರಗಳಲ್ಲಿ ಸಣ್ಣ ಊರುಗಳಲ್ಲಿ ಅಚ್ಚಾದ ಪುಸ್ತಕಗಳಿವೆ. ಬಯಲಾಟದ ಪ್ರಸಂಗ, ತತ್ವಪದ, ಶತಕ, ಸ್ಥಳಪುರಾಣ. ಇವುಗಳಲ್ಲಿ ಎಷ್ಟೋ ಯಾವ ಪಟ್ಟಿಯಲ್ಲೂ ಇಲ್ಲ. ಪುಸ್ತಕ ಗೆದ್ದಲು ಹಿಡಿದರೆ ಅಂಥದೊಂದು ಇತ್ತು ಎಂಬುದಕ್ಕೂ ಗುರುತು ಉಳಿಯದು. ಶೀರ್ಷಿಕೆ ಪುಟ ನೋಡಿ ನಾಲ್ಕು ಸಾಲು ಸೇರಿಸಿದರೆ, ಮುಂದೆ ಹುಡುಕಿಕೊಂಡು ಬರುವವರಿಗೆ ಒಂದು ದಾರಿ ಸಿಗುತ್ತದೆ.

ಶುರು ಮಾಡುವುದು ಹೇಗೆ ಎನ್ನುವವರಿಗೆ: ಮನೆಯಲ್ಲಿರುವ ಒಂದು ಹಳೆಯ ಪುಸ್ತಕ ತೆಗೆದುಕೊಳ್ಳಿ. ಅದರ ಹೆಸರನ್ನು ಕನ್ನಡದಲ್ಲಿ ಹುಡುಕಿ, ಸಿಗದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ, ಲೇಖಕರ ಹೆಸರು ಹಾಕಿ ಹುಡುಕಿ. ಸಿಕ್ಕರೆ ತಾಳೆ ನೋಡಿ ತಿದ್ದಿ. ಸಿಗದಿದ್ದರೆ ಹೊಸದಾಗಿ ಸೇರಿಸಿ. ಒಂದು ಪುಸ್ತಕಕ್ಕೆ ಕಾಲು ಗಂಟೆ ಸಾಕು. ಶಾಲೆ ಕಾಲೇಜುಗಳ ಭಾಷಾ ಮೇಷ್ಟ್ರುಗಳು ಮಕ್ಕಳಿಂದ ಇದನ್ನು ಮಾಡಿಸಿದರೆ ಪಾಠವೂ ಆಯಿತು, ಕೆಲಸವೂ ಆಯಿತು.

ಅಂದು ಬಂದಿದ್ದ ಹುಡುಗ ಪ್ರಬಂಧದ ಆ ಕೊನೆಯ ಸಾಲನ್ನು ಹೊಡೆದುಹಾಕಿ, "ಇವರು ಎರಡೂ ಭಾಷೆಗಳಲ್ಲಿ ಬರೆದರು" ಎಂದು ಬರೆದ. ಆಮೇಲೆ ಆ ಪಟ್ಟಿಯವರಿಗೂ, ಎರಡೂ ಪುಸ್ತಕಗಳ ಶೀರ್ಷಿಕೆ ಪುಟದ ವಿವರ ಕೊಟ್ಟು, ಇಬ್ಬರನ್ನು ಒಬ್ಬರನ್ನಾಗಿ ಮಾಡಿ ಎಂದು ಕೋರಿಕೆ ಕಳಿಸಿದ.